ಪಾತ್ರೆಯ ಅಡಿಯ ಎಂಟು ಚೆಂಡು

ಮುಸಫ್ಫಾ
13 ಮೇ 2025, ಮಂಗಳವಾರ

ವಿಲ್ಸನ್ ಮಾರಾಯ,

ಫೋನಿನಲ್ಲಿ ಬ್ಲಾಕ್ ಮಾಡಿದವನಿಗೆ ಕಾಗದ ಬರೆಯಬಾರದು ಅಂತ ಈ ದೇಶದಲ್ಲಿ ಕಾನೂನು ಇಲ್ಲ ಅಂತ ಡ್ರೈವರ್ ಹಾಶಿಮ್ ಹೇಳಿದ. ಅವನಿಗೆ ಪ್ರತಿ ಮಂಗಳವಾರ ದುಬೈಯ ಅಲ್ ಬರ್ಷಾದ ಸೈಟಿಗೆ ಪೈಪು ತಗೊಂಡು ಹೋಗಲಿಕ್ಕುಂಟು, ನೀನು ಈಗ ಇರುವ ನಿನ್ನ ಮಗ ಲೆಸ್ಲಿಯ ಮನೆ ದಾರಿಯಲ್ಲೇ. ಹಾಗಾಗಿ ಇನ್ನು ನಮ್ಮ ಪೋಸ್ಟ್‌ಮ್ಯಾನ್ ಹಾಶಿಮ್, ಪೋಸ್ಟ್ ಆಫೀಸು ಅವನ ಪಿಕಪ್ಪಿನ ಡ್ಯಾಶ್‌ಬೋರ್ಡು. ನಾವಿಬ್ಬರು ಇಪ್ಪತ್ತೆರಡು ವರ್ಷ ಮಾತಾಡಿದ್ದು ತುಳುವಿನಲ್ಲಿ. ಬರೆಯಲಿಕ್ಕೆ ಕೂತರೆ ಬರುವುದು ಕನ್ನಡ, ಅದೂ ಆರನೇ ಕ್ಲಾಸಿನದ್ದು. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸು. ಹಾಗಾದರೂ ನಿನ್ನ ಅಕ್ಷರ ನೋಡಿದ ಹಾಗಾಗುತ್ತದೆ.

ಮೊನ್ನೆ ಆದಿತ್ಯವಾರ ಡ್ರಾ ಆಯಿತು. ನಿನ್ನ ಕುರ್ಚಿಯಲ್ಲಿ ನನ್ನ ಬ್ಯಾಗು ಕೂತಿತ್ತು. ನಿಯಮ ನಿನಗೆ ಹೇಳಬೇಕಾಗಿಲ್ಲ, ಕಮಿಟಿಯಲ್ಲಿ ಕೂತು ಮಾಡಿದವನೇ ನೀನು. ಊರಿನವರ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ನಾಲ್ಕು ತಂಡ. ವರ್ಷ ವರ್ಷ ಹೊಸದಾಗಿ ಬಂದ ಹುಡುಗರನ್ನು ಯಾರು ಮೊದಲು ಆರಿಸುವುದು ಅಂತ ಚೆಂಡು ಎತ್ತುವುದು. ಕಡೆಯ ಸ್ಥಾನದವರದ್ದು ಎಂಟು ಚೆಂಡು, ಮೂರನೆಯವರದ್ದು ಆರು, ಎರಡನೆಯವರದ್ದು ನಾಲ್ಕು, ಕಪ್ ಗೆದ್ದವರದ್ದು ಎರಡು. ಸೋತವನಿಗೆ ಒಳ್ಳೆಯ ಹುಡುಗ ಸಿಗಲಿ, ಮುಂದಿನ ವರ್ಷ ಅವನೂ ಮನುಷ್ಯನಾಗಲಿ ಅಂತ ನಿನ್ನ ದೊಡ್ಡ ಮನಸ್ಸು.

ಈ ಸಲ ಎಂಟು ಚೆಂಡು ನಮ್ಮ ಮುಸಫ್ಫಾ ಬ್ರದರ್ಸಿಗೆ. ಮೆಸ್ಸಿನ ಐಸಮ್ಮ ತಮ್ಮ ಬಿರಿಯಾನಿ ಪಾತ್ರೆ ತೊಳೆದು ತಂದಿದ್ದರು. ಇಪ್ಪತ್ತು ಟೇಬಲ್ ಟೆನಿಸ್ ಚೆಂಡು ಹಾಕಿ ಸೌಟಿನಲ್ಲಿ ತಿರುಗಿಸಿದರು, ತಳ ಹಿಡಿಯಬಾರದಲ್ಲ. ಕಣ್ಣು ಮುಚ್ಚಿ ಕೈ ಹಾಕಿದರು. ಮೊದಲ ಚೆಂಡು ಬರ್ ದುಬೈಯವರದ್ದು. ಕಪ್ ಗೆದ್ದವರು, ಎರಡೇ ಚೆಂಡಿನವರು. ಎರಡನೆಯದು ಶಾರ್ಜಾ, ಮೂರನೆಯದು ಅಲ್ ಐನ್. ನಾಲ್ಕನೆಯದು ತೆಗೆಯುವ ಅಗತ್ಯವೇ ಇರಲಿಲ್ಲ. ನಮ್ಮ ಎಂಟೂ ಪಾತ್ರೆಯ ಅಡಿಯಲ್ಲಿ ಒಂದನ್ನೊಂದು ಒತ್ತಿಕೊಂಡು ಕೂತಿದ್ದವು. ಐಸಮ್ಮನಿಗೆ ಪಾಪ ಬೇಸರವಾಗಿ ನನಗೆ ಒಂದು ತಟ್ಟೆ ಬಿರಿಯಾನಿ ಹೆಚ್ಚು ಕೊಟ್ಟರು. ತಿಂದೆ. ಬೇಸರಕ್ಕೂ ಹಸಿವೆಗೂ ಸಂಬಂಧ ಇಲ್ಲ.

ಹಾಗೆ ಆ ಹರ್ಷಿತ್ ಬರ್ ದುಬೈಗೆ ಹೋದ. ಆರಡಿ ನಾಲ್ಕಿಂಚು. ಫೆಬ್ರವರಿಯಲ್ಲಿ ಸಂಘದ ಊಟದ ದಿನ, ಬಾಗಿಲ ಮೇಲಿನ ತೋರಣಕ್ಕೆ ಸಿಕ್ಕಿದ ಬಲೂನನ್ನು ಕುರ್ಚಿ ಇಲ್ಲದೆ ತೆಗೆದವನು. ನಾನು ನಿನ್ನ ಮುಖ ನೋಡಿದ್ದು, ನೀನು ನನ್ನ ಮುಖ ನೋಡಿದ್ದು, ಇಬ್ಬರೂ ಪಾಯಸ ಬಿಟ್ಟದ್ದು ನೆನಪುಂಟಾ? ಅವನಿಗಾಗಿ ಕಡೆಯ ಮೂರು ಆಟ ಬೇಕೆಂದೇ ಸೋತೆವು. ಅವನಿಗಾಗಿ ಕಡೆಯ ಆಟದಲ್ಲಿ ನಿನ್ನನ್ನು ನಲವತ್ತು ನಿಮಿಷ ಬೆಂಚಿನಲ್ಲಿ ಕೂರಿಸಿದೆ. ಆ ವಿಷಯ ಈಗ ಬೇಡ.

ಮುಂದಿನದು ಹೇಳುತ್ತೇನೆ ಕೇಳು. ತಂಡವನ್ನು ಬುಡದಿಂದ ಕಟ್ಟಬೇಕು. ಎತ್ತರದವರ ಆಸೆ ಖಲಾಸ್. ಐದು ಗಿಡ್ಡರನ್ನು ಹಾಕಿ ಎದುರಿನವರ ಕಾಲ ಕೆಳಗಿನಿಂದ ಓಡಿಸುವುದು. ರಿತೇಶ್ ಸೆಂಟರಿನಲ್ಲಿ ಬೇಡ, ಅವನ ಹೊಟ್ಟೆ ಅವನಿಗಿಂತ ಮೊದಲು ಫೌಲ್ ಮಾಡುತ್ತದೆ. ನಮ್ಮ ಲೇಬರ್ ಕ್ಯಾಂಪಿನ ರಿಂಗನ್ನೂ ಸರಿ ಮಾಡಬೇಕೇನೋ. ನೀನು ಒಳಗಿನ ಅಳತೆ ಹದಿನೆಂಟು ಇಂಚು ಅಂದಿ, ನಾನು ಹೊರಗಿನಿಂದ ಹೊರಗೆ ಅಳೆದು ವೆಲ್ಡ್ ಮಾಡಿದೆ, ಪೈಪಿನ ದಪ್ಪದಷ್ಟು ಚಿಕ್ಕದಾಯಿತು. ಆ ಸಣ್ಣ ರಿಂಗಿನಲ್ಲಿ ಹಾಕಿ ಹಾಕಿಯೇ ನಿನ್ನ ಕೈ ಕೂತದ್ದು ಅಂತ ನಾನು ಈಗಲೂ ಎಲ್ಲರಿಗೆ ಹೇಳುತ್ತೇನೆ. ಕ್ರೆಡಿಟ್ ಅರ್ಧ ನನ್ನದು.

ಜುಲೈ ಹತ್ತಕ್ಕೆ ನೀನು ಖಾಯಂ ಊರಿಗೆ. ಅಷ್ಟರೊಳಗೆ ಒಂದು ಆದಿತ್ಯವಾರ ಬಂದು ಕೋಚ್ ಆಗಿ ನಿಂತುಕೋ. ಬೈಯಲಿಕ್ಕಾದರೂ ಬಾ.

ಬೆಂಚಿನ ಈ ತುದಿಯಿಂದ,
ಸೇಸಪ್ಪ


ಮುಸಫ್ಫಾ
27 ಮೇ 2025

ವಿಲ್ಸನ್,

ಹೋದ ವಾರ ಹಾಶಿಮ್ ಬರಿಗೈಯಲ್ಲಿ ಬಂದ. ನೀನು ಅವನಿಗೆ ಸುಲೈಮಾನಿ ಚಾ ಕೊಟ್ಟಿಯಂತೆ, ನನ್ನ ಕಾಗದವನ್ನು ಫ್ರಿಜ್ಜಿನ ಮೇಲೆ ಇಟ್ಟಿಯಂತೆ. ಒಳಗೆ ಇಡು ಮಾರಾಯ, ಹಾಳಾಗುತ್ತದೆ.

ಒಂದು ಸುದ್ದಿ ಉಂಟು, ಕೂತುಕೊಂಡು ಓದು. ಬರ್ ದುಬೈಯವರ ಮೊದಲ ಪ್ರಾಕ್ಟೀಸಿಗೆ ಹರ್ಷಿತ್ ಬಂದ. ಚೆಂಡು ಎಸೆದರು. ಅವನು ಹಿಡಿಯಲಿಲ್ಲ, ಎರಡೂ ಕೈ ಜೋಡಿಸಿ ವಾಪಸ್ ಹೊಡೆದ. ಇನ್ನೊಮ್ಮೆ ಎಸೆದರು, ಹಾರಿ ಅಂಗೈಯಲ್ಲಿ ಬಡಿದ, ಅವರ ಮ್ಯಾನೇಜರನ ಕನ್ನಡಕ ಹೋಯಿತು. ಅವನು ಸುರತ್ಕಲ್ಲಿನ ವಾಲಿಬಾಲಿನವನಂತೆ. ಚೆಂಡು ನೆಲಕ್ಕೆ ಬೀಳಬಾರದು ಅಂತ ಹದಿನೈದು ವರ್ಷ ಕಲಿತವನಿಗೆ ಈಗ ಚೆಂಡನ್ನು ನೆಲಕ್ಕೆ ಬಡಿ ಅಂದರೆ ಹೇಗೆ? ನಾವು ಕೇಳಲೇ ಇಲ್ಲವಲ್ಲ. ಹೆಣ್ಣು ನೋಡಲಿಕ್ಕೆ ಹೋದವರು ಸಹ ಎಂತ ಓದಿದ್ದು ಅಂತ ಕೇಳುತ್ತಾರೆ. ನಾವು ಒಂದು ಬಲೂನು ನೋಡಿ ಮೂರು ಆಟ ಸೋತೆವು.

ನಗು ಬಂತಾ? ನನಗೆ ಒಂದು ಗಂಟೆ ಬಂತು. ಆಮೇಲೆ ಬರಲಿಲ್ಲ.

ನಮಗೆ ಸಿಕ್ಕಿದ್ದು ರೇವಣಸಿದ್ದಪ್ಪ. ಎಲೆಕ್ಟ್ರೀಶಿಯನ್, ವಿಜಯಪುರದ ಕಡೆಯವನು, ಐದಡಿ ನಾಲ್ಕಿಂಚು. ಮೊದಲ ದಿನವೇ ನನ್ನ ಹತ್ತಿರ ಬಂದು ಕೈ ಕಟ್ಟಿ ನಿಂತ. "ಅಣ್ಣಾರ, ನಾ ಆಡಾಂವಲ್ರೀ. ನನ್ನ ಹೆಸರ ನಮ್ಮ ಫೋರ್ಮನ್ ಬರದಾನ. ಆದ್ರ ಓಡು ಅಂದ್ರ ಓಡ್ತೀನ್ರೀ." ಓಡು ಅಂದೆ. ಅವನು ನಿಲ್ಲಲೇ ಇಲ್ಲ. ನಿಲ್ಲು ಅಂತ ಹೇಳದಿದ್ದರೆ ಈಗ ಅಲ್ ಐನ್ ತಲುಪುತ್ತಿದ್ದ. ಈಗ ದಿನಾ ಡ್ಯೂಟಿ ಮುಗಿದ ಮೇಲೆ ಆ ಸಣ್ಣ ರಿಂಗಿಗೆ ಎಸೆಯುತ್ತಾನೆ. ನೂರರಲ್ಲಿ ಮೂರು ಬೀಳುತ್ತದೆ. ಮೆಸ್ಸಿನ ಗೋಡೆಯ ಫೋಟೋದಲ್ಲಿ ಕಪ್ ಹಿಡಿದವರು ಯಾರು ಅಂತ ಕೇಳಿದ. ನಿನ್ನ ಹೆಸರು ಹೇಳಿದೆ. ಅವರು ಕಲಿಸ್ತಾರೇನು ಅಂತ ಕೇಳಿದ. ಎಂತ ಹೇಳಲಿ?

ನನ್ನ ಪ್ಲಾನು ಇದೇ. ಹತ್ತು ವರ್ಷಕ್ಕೊಬ್ಬ ವಿಲ್ಸನ್ ತಯಾರಾದರೆ ಸಾಕು, ಡ್ರಾ ಬೇಡ, ಐಸಮ್ಮನ ಪಾತ್ರೆ ಬೇಡ. ನಾಲ್ಕು ಆದಿತ್ಯವಾರ ನೀನು ಅವನ ಮೊಣಕೈ ಹಿಡಿದು ನಿಲ್ಲಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಆ ಕಡೆಯ ಆಟದ ದಿನ ಲೆಸ್ಲಿ ಬಂದಿದ್ದಾನೆ ಅಂತ ನನಗೆ ಮೊದಲೇ ಗೊತ್ತಿದ್ದರೆ ಬೇರೆ ಮಾಡುತ್ತಿದ್ದೆ ಅಂತ ಬರೆಯಲಿಕ್ಕೆ ಹೊರಟೆ. ಗೊತ್ತಿತ್ತು. ಮೊದಲ ಕ್ವಾರ್ಟರಿನಲ್ಲೇ ನೋಡಿದ್ದೆ, ಕೈ ಸಹ ಬೀಸಿದ್ದೆ.

ಉತ್ತರ ಬರೆ. ಬೈಗುಳವಾದರೆ ತುಳುವಿನಲ್ಲೇ ಬರೆ, ಅದಕ್ಕೆ ಕನ್ನಡ ಸಾಲುವುದಿಲ್ಲ.

ಫ್ರಿಜ್ಜಿನ ಮೇಲಿರುವವನು,
ಸೇಸಪ್ಪ


ಅಲ್ ಬರ್ಷಾ
3 ಜೂನ್ 2025

ಸೇಸಪ್ಪ,

ಎರಡೂ ಕಾಗದ ಓದಿದೆ. ನಗು ಬರುವ ಕಡೆ ನಗು ಬಂತು. ಅದಕ್ಕೇ ಸಿಟ್ಟು ಹೆಚ್ಚಾಯಿತು.

ನಾನು ಈ ದೇಶಕ್ಕೆ ಬರುವಾಗ ಲೆಸ್ಲಿಗೆ ಏಳು ವರ್ಷ. ಈಗ ಮೂವತ್ತೊಂದು. ನಾನು ಅವನ ಸ್ಕೂಲ್ ಡೇ ನೋಡಲಿಲ್ಲ, ಅವನು ನನ್ನ ಆಟ ನೋಡಲಿಲ್ಲ, ಇಲ್ಲಿಗೆ ಕೆಲಸಕ್ಕೆ ಬಂದ ಮೇಲೂ ಬಿಡುವು ಸಿಗಲಿಲ್ಲ. ಪ್ರತಿ ರಜೆಯಲ್ಲಿ ಊರಿಗೆ ಹೋಗಿ ಬಾಯಲ್ಲೇ ಆಡಿ ತೋರಿಸಿದ್ದೇನೆ. ಆ ಆದಿತ್ಯವಾರ ಅವನು ಆಫೀಸಿನ ಕೆಲಸ ಬಿಟ್ಟು ಮುಸಫ್ಫಾಕ್ಕೆ ಬಂದದ್ದು ನನ್ನ ಕಡೆಯ ಆಟ ಅಂತ. ಫೋನು ಹಿಡಿದು ಕೂತಿದ್ದ, ವಿಡಿಯೋ ಮಾಡಿ ತಾಯಿಗೆ ಕಳಿಸಲಿಕ್ಕೆ. ನಲವತ್ತು ನಿಮಿಷ ನಾನು ಬೂಟಿನ ಲೇಸು ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ.

ಮೂರನೇ ಕ್ವಾರ್ಟರಿನಲ್ಲಿ ನಿನ್ನ ಹತ್ತಿರ ಬಂದು ಐದು ನಿಮಿಷ ಕೊಡು ಅಂದೆ. ನೀನು ಬೋರ್ಡು ನೋಡಿದಿ. ನಾವು ನಾಲ್ಕು ಪಾಯಿಂಟು ಹಿಂದೆ ಇದ್ದೆವು. ನಾನು ಇಳಿದರೆ ಗೆಲ್ಲುತ್ತೇವೆ ಅಂತ ನಿನಗೆ ಹೆದರಿಕೆ ಆಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮೇಲೆ ನಿನಗೆ ಅಷ್ಟು ನಂಬಿಕೆ ಬಂದದ್ದು ಅದೊಂದೇ ಸಲ.

ಆಟ ಮುಗಿದ ಮೇಲೆ ಅವನು ಕೆಳಗೆ ಬಂದು ಡ್ಯಾಡಿ ಯಾಕೆ ಆಡಲಿಲ್ಲ ಅಂತ ಕೇಳಿದ. ನೀನು ನಗುತ್ತಾ ನನ್ನ ಹೆಗಲಿಗೆ ಕೈ ಹಾಕಿ, ಮುದುಕನ ಮೊಣಕಾಲು ಖಲಾಸ್ ಮಗಾ ಅಂದಿ. ನಾನು ತಲೆ ಆಡಿಸಿದೆ. ಕಾರಿನವರೆಗೆ ಕುಂಟಿದೆ. ಬೇರೆ ಎಂತ ಮಾಡಲಿ?

ಈಗ ನನಗೆ ಮೊಣಕಾಲಿನ ಪಟ್ಟಿ ಉಂಟು, ಎಣ್ಣೆ ಉಂಟು. ಲಿಫ್ಟು ಬರುವವರೆಗೆ ಕಾಯುವುದು, ಅವನ ಕೈ ಹಿಡಿದು ಇಳಿಯುವುದು. ಅವನು ತಾಯಿಗೆ ಫೋನ್ ಮಾಡಿ ಊರಿನ ಮನೆಯ ಬಚ್ಚಲಿಗೆ ಹಿಡಿಕೆ ಹಾಕಿಸಿದ್ದಾನೆ. ಆಟದ ಮಾತು ತೆಗೆದರೆ, ಆಯ್ತು ಡ್ಯಾಡಿ ಅಂತ ಮೆಲ್ಲ ಹೇಳುತ್ತಾನೆ. ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಲೊಟ್ಟೆ, ಬರೀ ಸುಳ್ಳು ಇರಬೇಕು ಅಂತ ಅವನಿಗೆ ಆಗಿದೆ. ಬಾಯಿ ಬಿಟ್ಟು ಹೇಳುವುದಿಲ್ಲ.

ನನಗೆ ಕೋಚ್ ಕೆಲಸ ಬೇಡ. ಒಂದೇ ಬೇಕು. ನೀನು ಲೆಸ್ಲಿಗೆ ಸತ್ಯ ಹೇಳು. ನನ್ನ ಕಾಲು ಸರಿ ಇತ್ತು, ನೀನೇ ಕೂರಿಸಿದ್ದು ಅಂತ. ನಾನು ಹೇಳಿದರೆ ಬಡಾಯಿ ಆಗುತ್ತದೆ. ಜುಲೈ ಹತ್ತರ ಮೊದಲು ಹೇಳು. ಅಷ್ಟರವರೆಗೆ ತಂಡದ ವಿಷಯ ಬರೆಯಬೇಡ.

ವಿಲ್ಸನ್


ಮುಸಫ್ಫಾ
10 ಜೂನ್ 2025

ವಿಲ್ಸನ್,

ಈದ್ ರಜೆಯ ಮೂರು ದಿನ ನಿನ್ನ ಕಾಗದ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಬೆವರಿನಲ್ಲಿ ಅಕ್ಷರ ಹೋಗಿದೆ, ಆದರೆ ಬಾಯಿಪಾಠ ಆಗಿದೆ.

ಒಂದು ಹೇಳು. ನಾನು ಲೆಸ್ಲಿಗೆ ಹೇಳಿದರೆ ಲೆಸ್ಲಿ ಸುಮ್ಮನಿರುತ್ತಾನಾ? ಅವನ ಆಫೀಸಿನಲ್ಲಿ ಬರ್ ದುಬೈ ತಂಡದವರು ಇಬ್ಬರಿದ್ದಾರೆ. ನಾಳೆಗೆ ಕಮಿಟಿಗೆ ಗೊತ್ತಾಗುತ್ತದೆ. ಬೇಕೆಂದೇ ಸೋತ ತಂಡವನ್ನು ಹೊರಗೆ ಹಾಕಬೇಕು ಅಂತ ಸಹ ನಿಯಮ ಉಂಟು. ಅದನ್ನೂ ನೀನೇ ಬರೆಸಿದ್ದು ಮಾರಾಯ, ನಿನ್ನ ಕೈಯಲ್ಲಿ ಸ್ವಲ್ಪ ನಿಯಮ ಕಡಿಮೆ ಬರೆಸಬೇಕಿತ್ತು.

ಕ್ಯಾಂಪಿನಲ್ಲಿ ನನಗೆ ಈ ತಂಡ ಬಿಟ್ಟರೆ ಎಂತ ಉಂಟು? ಡ್ಯೂಟಿಯಲ್ಲಿ ನಾನು ಸ್ಟೋರಿನ ಸೇಸಪ್ಪ, ನಟ್ಟು ಬೋಲ್ಟು ಎಣಿಸುವವನು. ಆದಿತ್ಯವಾರ ಮಾತ್ರ ಹನ್ನೆರಡು ಜನ ನನ್ನ ಬಾಯಿ ನೋಡುತ್ತಾರೆ. ರೇವಣಸಿದ್ದಪ್ಪನದ್ದು ಈಗ ನೂರರಲ್ಲಿ ಹನ್ನೊಂದು. ಅವನು ಊರಿಗೆ ಫೋನ್ ಮಾಡಿ ನೀಲಮ್ಮನಿಗೆ, ಅದು ಅವನ ಹೆಂಡತಿ, ಲೆಕ್ಕ ಒಪ್ಪಿಸುತ್ತಾನೆ. ಅವನಿಗೆ ನಾನು ಹೋಗಿ, ತಂಡ ಮಾಫಿ, ಇನ್ನಿಲ್ಲ ಅಂತ ಹೇಳಬೇಕಾ?

ಬೇರೆ ದಾರಿ ಯೋಚನೆ ಮಾಡಿದ್ದೇನೆ. ಜೂನ್ ಕಡೆಗೆ ಹಾಲ್ ಬುಕ್ ಮಾಡುತ್ತೇನೆ. ಒಂದು ಆಟ, ನಿನ್ನ ಹೆಸರಿನಲ್ಲಿ. ಲೆಸ್ಲಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು. ಮುಲಾಮು ಹಚ್ಚಿ ಕಾಲು ಗುಣವಾಯಿತು ಅಂತ ಹೇಳುವುದು. ನೀನು ಇಳಿ, ಇಪ್ಪತ್ತು ಹಾಕು. ಎದುರಿನವರು ನಿನ್ನನ್ನು ತಡೆಯುವುದಿಲ್ಲ, ನಾನು ಹೇಳಿರುತ್ತೇನೆ.

ಅದು ಸಹ ಲೊಟ್ಟೆಯ ಆಟ ಅಂತ ನೀನು ಹೇಳುತ್ತಿ. ಗೊತ್ತುಂಟು.

ಇನ್ನೊಂದು ನಾನೂ ಹೇಳುತ್ತೇನೆ, ಸಿಟ್ಟು ಮಾಡು ಬೇಕಾದರೆ. ಸೋಲುವ ಪ್ಲಾನು ನನ್ನೊಬ್ಬನದ್ದಲ್ಲ. ಐಸಮ್ಮನ ಮೆಸ್ಸಿನಲ್ಲಿ ಪೇಪರ್ ಕಪ್ಪಿನ ಮೇಲೆ ಲೆಕ್ಕ ಹಾಕಿ, ಮೂರು ಸೋತರೆ ಎಂಟು ಚೆಂಡು ಅಂತ ತೋರಿಸಿದ್ದು ನೀನು. ಮೊದಲ ಎರಡು ಆಟದಲ್ಲಿ ಬೇಕೆಂದೇ ರಿಂಗಿನ ಅಂಚಿಗೆ ಹೊಡೆದದ್ದು ನೀನು. ಮೂರನೆಯದಕ್ಕೆ ಲೆಸ್ಲಿ ಬಂದ, ಆಗ ನಿನಗೆ ಆಡಬೇಕು ಅಂತ ಆಯಿತು. ಲೆಸ್ಲಿಗೆ ಸತ್ಯ ಹೇಳುವುದಾದರೆ ಇದನ್ನೂ ಹೇಳಬೇಕಾ?

ಯೋಚನೆ ಮಾಡಿ ಬರೆ.

ಸೇಸಪ್ಪ


ಮುಸಫ್ಫಾ
24 ಜೂನ್ 2025

ಮಗಾ ಲೆಸ್ಲಿ,

ಎರಡು ಮಂಗಳವಾರ ನಿನ್ನ ಡ್ಯಾಡಿ ಉತ್ತರ ಬರೆಯಲಿಲ್ಲ. ಹಾಗಾಗಿ ಈ ಕಾಗದ ನಿನಗೆ. ಮಂಗಳೂರಿನಲ್ಲಿ ಓದಿದವನು ನೀನು, ಕನ್ನಡ ಮರೆತಿರಲಿಕ್ಕಿಲ್ಲ. ಮೆಲ್ಲ ಓದು.

ಇದು ನಿನಗೆ ಪಾಸ್‌ಪೋರ್ಟ್ ಆಫೀಸಿನವನ ಹಾಗೆ ಸ್ವರ ಬದಲಿಸಿ ಫೋನ್ ಮಾಡಿ, ನಿಮ್ಮ ಫೋಟೋ ತಲೆಕೆಳಗೆ ಉಂಟು ಅಂತ ಹೆದರಿಸಿದ ಸೇಸಪ್ಪ ಅಲ್ಲ. ಆ ಸೇಸಪ್ಪನನ್ನು ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿ ಬರೆಯುತ್ತಿದ್ದೇನೆ.

ಏಪ್ರಿಲ್ ಇಪ್ಪತ್ತೇಳರ ಆಟದ ದಿನ ನಿನ್ನ ಡ್ಯಾಡಿಯ ಕಾಲಿಗೆ ಏನೂ ಆಗಿರಲಿಲ್ಲ. ಆ ದಿನ ಬೆಳಿಗ್ಗೆ ಕ್ಯಾಂಪಿನ ರಿಂಗಿಗೆ ಐವತ್ತು ಎಸೆದು ನಲವತ್ತಾರು ಹಾಕಿದ್ದಾರೆ, ನಾನು ಚೆಂಡು ಹೆಕ್ಕಿ ಕೊಟ್ಟವನು. ಆಡಲಿಕ್ಕೆ ಬಿಡದೆ ಇದ್ದದ್ದು ನಾನು. ನಮಗೆ ಸೋಲಬೇಕಿತ್ತು. ಕಡೆಯ ಸ್ಥಾನ ಬಂದರೆ ಒಳ್ಳೆಯ ಹೊಸ ಹುಡುಗ ಸಿಗುವ ಚಾನ್ಸು ಹೆಚ್ಚು, ಅದಕ್ಕೆ. ನಿನ್ನ ಡ್ಯಾಡಿ ಇಳಿದರೆ ಗೆಲ್ಲುತ್ತೇವೆ ಅಂತ ನನಗೆ ಗ್ಯಾರಂಟಿ ಇತ್ತು. ಅವರು ಬಂದು ಐದು ನಿಮಿಷ ಕೇಳಿದರು. ನಾನು ಕೊಡಲಿಲ್ಲ. ಆಮೇಲೆ ನೀನು ಕೇಳಿದಾಗ ಬಾಯಿಗೆ ಬಂದದ್ದು ಮೊಣಕಾಲು.

ಸೋಲುವ ವಿಷಯ ಅವರಿಗೆ ಗೊತ್ತಿರಲಿಲ್ಲ. ಅವರು ನನ್ನ ಮಾತು ಕೇಳಿ ಕೂತರು ಅಷ್ಟೇ. ಎಲ್ಲ ನನ್ನ ಕೆಲಸ.

ಆಟದ ವಿಷಯದಲ್ಲಿ ನಿನ್ನ ಡ್ಯಾಡಿ ನಿನಗೆ ಹೇಳಿದ್ದರಲ್ಲಿ ಒಂದೂ ಬಡಾಯಿ ಇಲ್ಲ. ಇದ್ದರೆ ಕಡಿಮೆಯೇ ಹೇಳಿರುತ್ತಾರೆ. ಎರಡು ಸಾವಿರದ ಹದಿನೇಳರಲ್ಲಿ ಕ್ಯಾಂಪುಗಳ ಕಪ್ ಗೆದ್ದ ಆಟದಲ್ಲಿ ಕಡೆಯ ಆರು ಪಾಯಿಂಟು ಒಬ್ಬರೇ ಹಾಕಿದರು, ಎದುರು ಫಿಲಿಪೈನ್ಸಿನ ಹುಡುಗರು, ಅವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಮೊಣಕಾಲಿನ ಪಟ್ಟಿ ಬಿಚ್ಚು. ಕೆಳಗೆ ಕರೆದುಕೊಂಡು ಹೋಗು, ಎಲ್ಲಿಯಾದರೂ ಒಂದು ರಿಂಗ್ ಹುಡುಕಿ ಕೈಗೆ ಚೆಂಡು ಕೊಡು. ನೀನೇ ನೋಡುತ್ತಿ.

ನನಗೆ ಬೈಯಬೇಕು ಅಂತ ಆದರೆ ಫೋನ್ ಮಾಡು. ನೀನು ಬ್ಲಾಕ್ ಮಾಡಿಲ್ಲವಲ್ಲ.

ನಿನ್ನ ಡ್ಯಾಡಿಯ ಆಟಕ್ಕೆ ಅಡ್ಡ ಕೂತವನು,
ಸೇಸಪ್ಪ


ಅಲ್ ಬರ್ಷಾ
1 ಜುಲೈ 2025

ಡಿಯರ್ ಸೇಸಪ್ಪ ಅಂಕಲ್,

ಕನ್ನಡದಲ್ಲಿ ಬರೆಯದೆ ಹತ್ತು ವರ್ಷ ಆಯಿತು, ತಪ್ಪಿದ್ದರೆ ಸಾರಿ. ನಿಮ್ಮ ಲೆಟರ್ ಎರಡು ಸಲ ಓದಿದೆ. ಓದಿ ಕಣ್ಣು ಒದ್ದೆ ಆಯಿತು.

ಡ್ಯಾಡಿಗೆ ಬೇಜಾರಾಗಬಾರದು ಅಂತ ನೀವು ನಿಮ್ಮ ಹೆಸರನ್ನೇ ಹಾಳು ಮಾಡಿಕೊಂಡು ಇಷ್ಟು ದೊಡ್ಡ ಕಥೆ ಕಟ್ಟಿದ್ದೀರಿ. ಇಂಥ ಫ್ರೆಂಡ್ ಯಾರಿಗೆ ಸಿಗುತ್ತಾರೆ? ಆದರೆ ಅಂಕಲ್, ಬೇಕೆಂದೇ ಸೋಲುವವರು ಯಾರಿದ್ದಾರೆ? ಆ ದಿನ ಸೈಡ್ ಲೈನಿನಲ್ಲಿ ನಿಂತು ನೀವು ಬೊಬ್ಬೆ ಹಾಕಿದ್ದು ನಾನೇ ನೋಡಿದ್ದೇನೆ. ಡಾಕ್ಟರ್ ಎಕ್ಸ್‌ರೇ ತೋರಿಸಿದ್ದಾರೆ, ಎರಡೂ ಮೊಣಕಾಲು ಸವೆದಿದೆ, ಈ ಏಜಿಗೆ ಕಾಮನ್ ಅಂದರು. ಡ್ಯಾಡಿಯೇ ಕುಂಟಿಕೊಂಡು ಕಾರಿಗೆ ಬಂದರಲ್ಲ.

ಅವರು ಚೆನ್ನಾಗಿ ಆಡುತ್ತಿದ್ದರೋ ಇಲ್ಲವೋ ನನಗೆ ಮುಖ್ಯ ಅಲ್ಲ. ನಮಗಾಗಿ ಇಷ್ಟು ವರ್ಷ ಇಲ್ಲಿ ದುಡಿದರು, ಅದೇ ಸಾಕು. ನಿಮ್ಮ ಲೆಟರ್ ಡ್ಯಾಡಿಗೂ ಓದಿ ಹೇಳಿದೆ. ಅಂಕಲ್ ಯಾವಾಗಲೂ ಹೀಗೇ ಜೋಕ್ ಅಲ್ಲವಾ ಡ್ಯಾಡಿ ಅಂದೆ. ಅವರು ಎದ್ದು ಬಾಲ್ಕನಿಗೆ ಹೋದರು.

ಥ್ಯಾಂಕ್ಯೂ ಅಂಕಲ್. ಗಾಡ್ ಬ್ಲೆಸ್.

ಲೆಸ್ಲಿ


ಮುಸಫ್ಫಾ
8 ಜುಲೈ 2025

ವಿಲ್ಸನ್,

ನೋಡು ನನ್ನ ಯೋಗ. ಐವತ್ತೊಂದು ವರ್ಷ ಲೊಟ್ಟೆ ಹೇಳಿದೆ, ಎಲ್ಲರೂ ನಂಬಿದರು. ಒಂದು ಸತ್ಯ ಹೇಳಿದೆ, ಒಳ್ಳೆಯ ಲೊಟ್ಟೆ ಅಂತ ಹೊಗಳಿದರು.

ಈ ದೇಶದಲ್ಲಿ ಸೀಲು ಇಲ್ಲದ ಮಾತಿಗೆ ಬೆಲೆ ಇಲ್ಲ ಅಂತ ನೀನೇ ಹೇಳುತ್ತಿದ್ದಿ. ಹಾಗಾಗಿ ಮೊನ್ನೆ ಕಮಿಟಿಗೆ ಹೋದೆ. ಸೆಕ್ರೆಟರಿ ಸ್ವರ್ಣಲತಾ ಮೇಡಂ ಮತ್ತು ಇನ್ನಿಬ್ಬರು ಕೂತಿದ್ದರು. ಮೊದಲಿನಿಂದ ಹೇಳಿದೆ. ಬಲೂನು, ಪೇಪರ್ ಕಪ್ಪು, ಮೂರು ಆಟ, ಬೆಂಚು, ಮೊಣಕಾಲು. ಅವರು ಒಮ್ಮೆಯೂ ನಗಲಿಲ್ಲ. ನಾನು ಮಾತಾಡುವಾಗ ಯಾರೂ ನಗದೆ ಇದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಮೇಡಂ ಪೆನ್ನು ತೆಗೆದು, ಯಾರಿಗೆಲ್ಲ ಗೊತ್ತಿತ್ತು ಅಂತ ಕೇಳಿದರು. ಸತ್ಯ ಹೇಳಲಿಕ್ಕೆ ಹೋದವನು ಅರ್ಧದಲ್ಲಿ ನಿಲ್ಲಿಸುವುದು ಹೇಗೆ? ನಮಗಿಬ್ಬರಿಗೆ ಅಂದೆ. ಹುಡುಗರಿಗೆ ಗೊತ್ತಿರಲಿಲ್ಲ ಅಂದೆ.

ಮುಸಫ್ಫಾ ಬ್ರದರ್ಸ್ ಎರಡು ವರ್ಷಕ್ಕೆ ಹೊರಗೆ. ನಾನು ಖಾಯಂ ಹೊರಗೆ. ಹುಡುಗರನ್ನು ಉಳಿದ ಮೂರು ತಂಡಕ್ಕೆ ಹಂಚುತ್ತಾರಂತೆ, ಮತ್ತೆ ಐಸಮ್ಮನ ಪಾತ್ರೆ. ರೇವಣಸಿದ್ದಪ್ಪನಿಗೆ ಹೇಳಿದೆ. "ಹಂಗಾದ್ರ ಇವತ್ತ ಎಸೀಬೇಕೋ ಬ್ಯಾಡೋ ಅಣ್ಣಾರ?" ಅಂತ ಕೇಳಿದ. ಎಸೆ ಅಂದೆ. ಇಪ್ಪತ್ತೆರಡಕ್ಕೆ ಬಂದಿದ್ದಾನೆ.

ಕಮಿಟಿಯ ಪೇಪರು ಇದರ ಜೊತೆ ಉಂಟು. ಲೆಸ್ಲಿಯ ಕೈಗೇ ಕೊಡು ಅಂತ ಹಾಶಿಮನಿಗೆ ಹೇಳಿದ್ದೇನೆ. ಇಂಗ್ಲಿಷಿನಲ್ಲಿ ಬರೆದಿದ್ದಾರೆ, ನನಗೆ ಓದಲಿಕ್ಕೆ ಬರುವುದು ಸೀಲು ಮಾತ್ರ. ವಿಲ್ಸನ್ನನ ಕಾಲು ಸರಿ ಇತ್ತು ಅಂತ ಬರೆದಿದ್ದೀರಾ ಅಂತ ಕೇಳಿದೆ. ನೀವು ಹೇಳಿದ್ದೆಲ್ಲ ಬರೆದಿದ್ದೇನೆ ಅಂದರು ಮೇಡಂ. ಸಾಕು.

ನಾಡಿದ್ದು ನಿನ್ನ ವಿಮಾನ. ಏರ್‌ಪೋರ್ಟಿಗೆ ಬರುವುದಿಲ್ಲ. ನಿನ್ನನ್ನು ನೋಡಿದರೆ ಏನಾದರೂ ಕುಶಾಲು ಹೇಳಿಬಿಡುತ್ತೇನೆ.

ಐದು ನಿಮಿಷ ಕೊಡಬೇಕಿತ್ತು ವಿಲ್ಸನ್.

ಸೇಸಪ್ಪ


ಕುಲಶೇಖರ, ಮಂಗಳೂರು
2 ಆಗಸ್ಟ್ 2025

ಸೇಸಪ್ಪ,

ಇದು ಪೋಸ್ಟಿನಲ್ಲಿ ಬರುತ್ತದೆ. ಕಂಪೆನಿಯ ಬಾಕ್ಸ್ ನಂಬರಿಗೆ ಹಾಕಿದ್ದೇನೆ. ತಡವಾದರೆ ಆಗಲಿ.

ಪೇಪರು ಲೆಸ್ಲಿಗೆ ಸಿಕ್ಕಿತು. ಮಂಗಳವಾರ ಸಂಜೆ ಓದಿದ. ಮಡಚಿ ಮೇಜಿನ ಮೇಲೆ ಇಟ್ಟು ಒಳಗೆ ಹೋದ, ಆಮೇಲೆ ನಾನೂ ಓದಿದೆ. ಬುಧವಾರ ಆಫೀಸಿಗೆ ಹೋಗಿ ಬಂದ, ಊಟ ಮಾಡಿದೆವು, ನನ್ನ ಪೆಟ್ಟಿಗೆ ತೂಕ ಮಾಡಿದ. ಗುರುವಾರ ಏರ್‌ಪೋರ್ಟಿಗೆ ಹೋಗುವಾಗ ಕಾರಿನಲ್ಲಿ ರೇಡಿಯೋ ಬಂದ್ ಮಾಡಿದ. ಪಟ್ಟಿ ಬಿಚ್ಚಬಹುದಲ್ಲ ಇನ್ನು ಅಂದ. ಬಿಚ್ಚಿದೆ.

ಮೇಡಂ ಎರಡು ಸಾಲು ಬರೆದಿದ್ದಾರೆ. ಮೊದಲ ಸಾಲು ನೀನು ಕೇಳಿದ್ದು. ವಿಲ್ಸನ್ ಎಂಬ ಆಟಗಾರನಿಗೆ ಯಾವ ಗಾಯವೂ ಇರಲಿಲ್ಲ ಅಂತ. ಎರಡನೇ ಸಾಲು, ಬೇಕೆಂದೇ ಸೋಲುವ ಲೆಕ್ಕವನ್ನು ಸದರಿ ವಿಲ್ಸನ್ ಮತ್ತು ಮ್ಯಾನೇಜರ್ ಸೇಸಪ್ಪ ಸೇರಿ ಹಾಕಿದ್ದು, ಹಿಂದಿನ ಎರಡು ಆಟಗಳಲ್ಲಿ ಸದರಿ ವಿಲ್ಸನ್ ಬೇಕೆಂದೇ ಗುರಿ ತಪ್ಪಿಸಿದ್ದು ಅಂತ. ಅದರ ಕೆಳಗೆ ಸೀಲು. ಸೀಲು ಚೆನ್ನಾಗಿ ಬಿದ್ದಿದೆ.

ಎರಡೂವರೆ ತಿಂಗಳು ಅವನು ದಿನಾ ಸಂಜೆ ನನ್ನ ಮೊಣಕಾಲಿಗೆ ಎಣ್ಣೆ ಹಚ್ಚಿದ್ದಾನೆ ಸೇಸಪ್ಪ. ನೆಲದಲ್ಲಿ ಕೂತು.

ಡಿಪಾರ್ಚರ್ ಗೇಟಿನ ಹತ್ತಿರ ಟ್ರಾಲಿ ನನ್ನ ಕೈಗೆ ಕೊಟ್ಟ. ನೂಕಲಿಕ್ಕೆ ಆಗುತ್ತದಾ ಅಂತ ಕೇಳಲಿಲ್ಲ. ನಾನು ಏನೋ ಹೇಳಲಿಕ್ಕೆ ಹೊರಟೆ. ಅವನು ಹೇಳಿದ, "ಮೊಣಕಾಲು ನೋವೇ ಒಳ್ಳೆದಿತ್ತು ಡ್ಯಾಡಿ." ಸಿಟ್ಟಿನಲ್ಲಿ ಅಲ್ಲ, ಮೆಲ್ಲ ಹೇಳಿದ್ದು. ಆಮೇಲೆ ಕಾರು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಲಿಕ್ಕೆ ಬಿಡುವುದಿಲ್ಲ ಅಂತ ಹೋದ. ಈಗ ಆದಿತ್ಯವಾರ ಫೋನ್ ಮಾಡುತ್ತಾನೆ. ತಾಯಿಯ ಹತ್ತಿರ ಮಾತಾಡಿ, ಡ್ಯಾಡಿಗೆ ಹೇಳು ಅಂತ ಇಡುತ್ತಾನೆ.

ತಪ್ಪು ನಿನ್ನದು ಅಂತ ಬರೆಯಲಿಕ್ಕೆ ಕೂತಿದ್ದೆ. ಕೇಳಿದ್ದು ನಾನೇ. ಸತ್ಯ ಹೇಳು ಅಂದವನು ನನಗೆ ಬೇಕಾದಷ್ಟೇ ಹೇಳು ಅಂತ ಬರೆಯಬೇಕಿತ್ತು. ಅದನ್ನು ನೀನು ಅವನಿಗೆ ಬರೆದ ಕಾಗದದಲ್ಲಿ ಸರಿಯಾಗಿ ಮಾಡಿದ್ದಿ. ಅದನ್ನು ಅವನು ನಂಬಲಿಲ್ಲ.

ರೇವಣಸಿದ್ದಪ್ಪನಿಗೆ ಹೇಳು, ಎಸೆಯುವಾಗ ಮೊಣಕೈ ಹೊರಗೆ ಹೋಗಬಾರದು, ಎಸೆದ ಮೇಲೆ ಕೈಯನ್ನು ಕೂಡಲೇ ಇಳಿಸಬಾರದು. ಆ ರಿಂಗನ್ನು ಸರಿ ಮಾಡಬೇಡ.

ಇಲ್ಲಿ ಚರ್ಚಿನ ಮೈದಾನದಲ್ಲಿ ಒಂದು ರಿಂಗ್ ಉಂಟು, ಸರಿಯಾದ ಅಳತೆಯದ್ದು. ನಿನ್ನೆ ಮಳೆ ಬಿಟ್ಟಾಗ ಹೋದೆ. ಯಾರೂ ಇರಲಿಲ್ಲ. ಹತ್ತು ಎಸೆದೆ, ಹತ್ತೂ ಬಿತ್ತು. ವಾಪಸ್ ಬರುವಾಗ ನಮ್ಮ ಗೇಟಿನಿಂದ ಮನೆಯವರೆಗೆ ಕುಂಟಿಕೊಂಡು ಬಂದೆ. ಮನೆಯವಳಿಗೆ ಲೆಸ್ಲಿ ಇನ್ನೂ ಹೇಳಿಲ್ಲ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಎಣ್ಣೆ ಬಿಸಿ ಮಾಡಿ ಇಟ್ಟಿದ್ದಳು.

ವಿಲ್ಸನ್